ಮೊಳೆಗೆ ತೂಗುಹಾಕಿದ ಕೀಲಿ

ಇಂಗ್ಲೆಂಡಿನ ಉತ್ತರಕ್ಕೆ, ಡರ್ಹಮ್ ಸೀಮೆಯಲ್ಲಿ, ಎಸ್ಕಮ್ ಅಂತ ಒಂದು ಸಣ್ಣ ಹಳ್ಳಿ ಇದೆ. ಬಿಷಪ್ ಆಕ್‌ಲೆಂಡ್ ಊರಿನ ಪಕ್ಕ, ವಿಯರ್ ಹೊಳೆಯ ಹತ್ತಿರ. ಊರ ನಡುವೆ ದುಂಡಗಿನ ಒಂದು ಕಾಂಪೌಂಡು, ಅದರೊಳಗೆ ಒಂದು ಪುಟ್ಟ ಚರ್ಚು. ಸುತ್ತಲಿನ ಮನೆಗಳೆಲ್ಲ ಈಚಿನವು. ಚರ್ಚಿಗೆ ಮಾತ್ರ ಸುಮಾರು 1,350 ವರ್ಷ ವಯಸ್ಸು.

ನಾನು ಮೊದಲ ಸಲ ಹೋದಾಗ ಬಾಗಿಲಿಗೆ ಬೀಗ ಇತ್ತು. ಪಕ್ಕದಲ್ಲೊಂದು ಚೀಟಿ. ಕೀಲಿ ಎದುರು ಮನೆಯ ಗೋಡೆಯ ಮೊಳೆಯಲ್ಲಿದೆ, ನೋಡಿಯಾದ ಮೇಲೆ ಅಲ್ಲೇ ಹಾಕಿ ಅಂತ ಬರೆದಿತ್ತು. ಹೋಗಿ ನೋಡಿದರೆ ನಿಜವಾಗಿಯೂ ಅಂಗೈ ಅಗಲದ ಒಂದು ಕಬ್ಬಿಣದ ಕೀಲಿ ತೂಗುತ್ತಿತ್ತು. ಯಾರೂ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಬಾಗಲಕೋಟೆ ಕಡೆಯ ನಾನು, ಬೀಡ್ ಎಂಬ ಸನ್ಯಾಸಿ ಹುಟ್ಟಿದ ಕಾಲದ ಬಾಗಿಲನ್ನು ನನ್ನ ಕೈಯಾರೆ ತೆರೆದೆ. ಆವತ್ತಿನಿಂದ ಇವತ್ತಿನವರೆಗೆ ಆ ಕೀಲಿ ನನ್ನ ತಲೆಯಲ್ಲಿ ತೂಗುತ್ತಲೇ ಇದೆ.

ಒಳಗೆ ಹೋದರೆ ತಣ್ಣಗಿನ ಕತ್ತಲು. ಉದ್ದಕ್ಕೆ, ಇಕ್ಕಟ್ಟಾಗಿ, ಅಗಲಕ್ಕಿಂತ ಎತ್ತರವೇ ಎದ್ದು ಕಾಣುವ ಕೋಣೆ. ಕಿಟಕಿಗಳು ಬಹಳ ಸಣ್ಣವು, ಕೈಗೆ ಎಟುಕದಷ್ಟು ಮೇಲೆ. ನಮ್ಮ ಕಡೆಯ ಹಳೇ ಮನೆಗಳ ಬೆಳಕಿಂಡಿ ನೆನಪಾಯಿತು. ಗೋಡೆಗೆ ಬಳಸಿದ ದಪ್ಪ ಕಲ್ಲುಗಳು ರೋಮನ್ನರವು. ಹತ್ತಿರದ ಬಿಂಚೆಸ್ಟರ್‌ನಲ್ಲಿ ರೋಮನ್ ಕೋಟೆ ಇತ್ತು. ರೋಮನ್ನರು ಬಿಟ್ಟು ಹೋದ ಮೇಲೆ ಅಲ್ಲಿಯ ಕಲ್ಲುಗಳನ್ನು ತಂದು ಈ ಚರ್ಚು ಕಟ್ಟಿದರು. ಹೊರಗೆ ಉತ್ತರದ ಗೋಡೆಯಲ್ಲಿ ಒಂದು ಕಲ್ಲಿದೆ. ಆರನೇ ಸೈನ್ಯದಳ ಎಂದು ರೋಮನ್ ಅಕ್ಷರದಲ್ಲಿ ಕೆತ್ತಿದ ಕಲ್ಲು, ತಲೆಕೆಳಗಾಗಿ ಕೂತಿದೆ. ಇಟ್ಟ ಗೌಂಡಿಗೆ ಅದು ಬರೀ ಒಂದು ಒಳ್ಳೆಯ ಕಲ್ಲು. ಮೇಲೆ ಬರೆದದ್ದು ಅವನಿಗೆ ಬೇಕಾಗಿರಲಿಲ್ಲ.

ಅದನ್ನು ನೋಡುತ್ತಾ ನಿಂತಾಗ ನಮ್ಮೂರಿನ ವೀರಗಲ್ಲು ಕಣ್ಣ ಮುಂದೆ ಬಂತು. ನಾನು ಚಿಕ್ಕವನಿದ್ದಾಗ ಹಳ್ಳದ ದಂಡೆಯಲ್ಲಿ ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರು. ಮೂರು ಅಂಕಣದ ಕಲ್ಲು. ಕೆಳಗೆ ಯುದ್ಧ, ನಡುವೆ ಅಪ್ಸರೆಯರು, ಮೇಲೆ ಲಿಂಗ. ಕುದುರೆಯ ಕಾಲು ಸವೆದು ಹೋಗಿತ್ತು. ಅಲ್ಲಿ ಒಗೆಯುತ್ತಿದ್ದ ತಾಯಂದಿರ ಮೇಲೆ ನನಗೆ ಯಾವ ದೂರೂ ಇಲ್ಲ. ಅದರಲ್ಲಿ ಏನಿದೆ ಅಂತ ಅವರಿಗೆ ಯಾರೂ ಓದಿ ಹೇಳಿರಲಿಲ್ಲ, ಅಷ್ಟೇ.

ಇಂಗ್ಲಿಷರು ಹುಟ್ಟಿನಿಂದಲೇ ಹಳೆಯದನ್ನು ಕಾಪಾಡುವ ಜನ ಅಂತ ನಮ್ಮಲ್ಲಿ ಅನೇಕರ ನಂಬಿಕೆ. ಅದು ಪೂರ್ತಿ ನಿಜ ಅಲ್ಲ. 19ನೇ ಶತಮಾನದಲ್ಲಿ ಎಸ್ಕಮ್‌ನವರು ಬೇರೊಂದು ಹೊಸ ಚರ್ಚು ಕಟ್ಟಿಕೊಂಡು ಇದನ್ನು ಕೈಬಿಟ್ಟಿದ್ದರು. ಸೂರು ಹೋಯಿತು. ಇದು ಎಷ್ಟು ಹಳೆಯದು ಅಂತ ಗೊತ್ತಾದ ಮೇಲೆಯೇ ರಿಪೇರಿ ಆಯಿತು. ಮುಂದೆ ಆ ಹೊಸ ಚರ್ಚನ್ನೇ ಕೆಡವಿದರು, ಹಳೆಯದು ಉಳಿಯಿತು. ಎಕ್ಸೆಟರ್ ಕೆಥೆಡ್ರಲ್‌ನಲ್ಲಿ ಸುಮಾರು ಸಾವಿರ ವರ್ಷದ ಒಂದು ಕವಿತೆಯ ಪುಸ್ತಕ ಇದೆ. ಹಳೇ ಇಂಗ್ಲಿಷ್ ಅಂದರೆ ನಮ್ಮ ಹಳಗನ್ನಡದ ಹಾಗೆ ಅವರ ಹಿಂದಿನ ನುಡಿ. ಅದರ ತೊಂಬತ್ತಕ್ಕೂ ಹೆಚ್ಚು ಒಗಟುಗಳು ಉಳಿದಿರುವುದು ಬಹುತೇಕ ಈ ಪುಸ್ತಕದಲ್ಲೇ. ಪುಸ್ತಕದ ಮೇಲೆ ಚಾಕುವಿನ ಗೆರೆಗಳಿವೆ, ಯಾರೋ ಲೋಟ ಇಟ್ಟ ದುಂಡು ಕಲೆ ಇದೆ. ಅವರ ಬಟ್ಟೆ ಒಗೆಯುವ ಕಲ್ಲು ಅದು ಅಂತ ಇಟ್ಟುಕೊಳ್ಳಿ.

ಅದೇ ಪುಸ್ತಕದಲ್ಲಿ ಹಾಳುಬಿದ್ದ ಒಂದು ಕಲ್ಲಿನ ಪಟ್ಟಣವನ್ನು ಕಂಡು ಬರೆದ ಕವಿತೆ ಇದೆ. ಬಿದ್ದ ಗೋಪುರ, ಕುಸಿದ ಸೂರು, ಗಾರೆಯ ಮೇಲೆ ಹಿಮ. ಕವಿ ಅದನ್ನು 'ದೈತ್ಯರ ಕೆಲಸ' ಅನ್ನುತ್ತಾನೆ. ಕಟ್ಟಿದವರು ರೋಮನ್ನರು. ಆದರೆ ಇಂಥ ಕಲ್ಲುಕೆಲಸ ಮನುಷ್ಯರ ಕೈಯಿಂದ ಆದೀತೆ ಎಂಬ ಬೆರಗು ಅವನದು. ಇದನ್ನು ಓದಿದಾಗ ನನಗೆ ಬಹಳ ಹತ್ತಿರದ ಮಾತು ಅನ್ನಿಸಿತು. ನಮ್ಮ ಕಡೆ ಹಳೇ ಕಲ್ಲಿನ ಗುಡಿ ಕಂಡರೆ ಪಾಂಡವರು ರಾತ್ರೋರಾತ್ರಿ ಕಟ್ಟಿದ್ದು ಅನ್ನುತ್ತಾರೆ. ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡದ ಕಲ್ಲುಮನೆಗಳು ಜನರ ಬಾಯಲ್ಲಿ ಮೋರೇರು ಎಂಬ ಹಿಂದಿನ ಜನರ ಮನೆಗಳು.

ಕಟ್ಟುವುದಕ್ಕೆ ಹಳೇ ಇಂಗ್ಲಿಷಿನಲ್ಲಿ ಇದ್ದ ಪದ 'ಟಿಂಬ್ರಾನ್'. ಟಿಂಬರ್ ಅಂದರೆ ಮರ, ಆದ್ದರಿಂದ ಕಟ್ಟುವುದು ಅಂದರೆ ಮರದ ಕೆಲಸ. ಕಲ್ಲಿನಲ್ಲಿ ಕಟ್ಟಿದರೂ ಅದೇ ಪದ. ಅವರ ಮನೆ, ದೊರೆಯ ಹಜಾರ ಎಲ್ಲ ಮರದವೇ ಆಗಿದ್ದವು. ಕಲ್ಲಿನ ಕೆಲಸ ಬಲ್ಲವರೇ ಕಡಿಮೆ. 674ರ ಹೊತ್ತಿಗೆ ಮಂಕ್‌ವಿಯರ್‌ಮೌತ್‌ನಲ್ಲಿ ಮಠ ಕಟ್ಟಲು ಶುರುಮಾಡಿದ ಬೆನೆಡಿಕ್ಟ್ ಬಿಸ್ಕಪ್, ಗೌಂಡಿಗಳನ್ನೂ ಗಾಜು ಮಾಡುವವರನ್ನೂ ಸಮುದ್ರದಾಚೆ ಗಾಲ್‌ನಿಂದ, ಅಂದರೆ ಇವತ್ತಿನ ಫ್ರಾನ್ಸ್ ಕಡೆಯಿಂದ ಕರೆಸಬೇಕಾಯಿತು. ನಮ್ಮ ಪದವನ್ನು ನೋಡಿ. ಹಗ್ಗ ಕಟ್ಟುತ್ತೇವೆ, ಹಸು ಕಟ್ಟುತ್ತೇವೆ, ಮನೆಯನ್ನೂ ಕಟ್ಟುತ್ತೇವೆ. ಗಳಕ್ಕೆ ಗಳ ಬಿಗಿದು ಗುಡಿಸಲು ಹಾಕಿದ ಕಾಲದ ನೆನಪು ಆ ಪದದಲ್ಲಿ ಇರಬೇಕು ಅಂತ ನನ್ನ ಅನಿಸಿಕೆ.

ಮರದ ನೆನಪು ಕಲ್ಲಿಗೂ ಬರುತ್ತದೆ. ನಾರ್ಥಾಂಪ್ಟನ್‌ಶೈರ್‌ನ ಅರ್ಲ್ಸ್ ಬಾರ್ಟನ್ ಚರ್ಚಿನ ಗೋಪುರದ ಮೇಲೆ ಉದ್ದುದ್ದ ಕಲ್ಲಿನ ಪಟ್ಟಿಗಳಿವೆ. ಮರದ ಚೌಕಟ್ಟಿನ ಹಾಗೇ ಕಾಣುತ್ತವೆ. ಅಲ್ಲಿ ನಿಂತಾಗ ನನಗೆ ಐಹೊಳೆಯ ಲಾಡಖಾನ್ ಗುಡಿಯ ಸೂರು ನೆನಪಾಗದೆ ಇರಲಿಲ್ಲ. ಅಲ್ಲೂ ಚಪ್ಪಡಿಗಳ ಸಂದಿಗೆ ಮರದ ತೊಲೆಯಂಥ ಕಲ್ಲಿನ ಪಟ್ಟಿ ಕೂರಿಸಿದ್ದಾರೆ.

ಮಾತಿನ ಕಥೆ ಇನ್ನೂ ಸೊಗಸು. ಲಾರ್ಡ್ ಎಂಬ ಪದ ಮೊದಲು 'ಹ್ಲಾಫ್‌ವೆಯರ್ಡ್' ಆಗಿತ್ತು. ರೊಟ್ಟಿ ಕಾಯುವವನು ಅಂತ ಅರ್ಥ. ಲೇಡಿ 'ಹ್ಲಾಫ್‌ಡೀಯೆ', ರೊಟ್ಟಿಯ ಹಿಟ್ಟು ನಾದುವವಳು. ಅನ್ನ ಹಾಕಿದ ಧಣಿ ಅನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಾರದ ದಿನಗಳನ್ನೂ ನೋಡಿ. ನಮ್ಮ ಮಂಗಳ, ಬುಧ, ಗುರು, ಶುಕ್ರ ಇರುವ ಜಾಗದಲ್ಲೇ ಅವರ ಟೀವ್, ವೋಡನ್, ಥುನರ್, ಫ್ರಿಗ್ ಎಂಬ ದೇವರುಗಳು ಕೂತಿದ್ದಾರೆ. ಗ್ರಹಗಳ ವಾರ ಒಂದೇ ಕಡೆಯಿಂದ ಹೊರಟು ಇಬ್ಬರ ಮನೆಗೂ ಬಂದಿದೆ.

ಹಳೇ ಇಂಗ್ಲಿಷಿನ ವ್ಯಾಕರಣವೂ ಕನ್ನಡದವರಿಗೆ ಸುಲಭವಾಗಿ ಹಿಡಿಯುತ್ತದೆ. 'ಸ್ಟಾನ್' ಅಂದರೆ ಕಲ್ಲು, 'ಸ್ಟಾನೆಸ್' ಅಂದರೆ ಕಲ್ಲಿನ, 'ಸ್ಟಾನೆ' ಅಂದರೆ ಕಲ್ಲಿಗೆ. ವಿಭಕ್ತಿ ಅಂದರೆ ಏನು ಅಂತ ಇವತ್ತಿನ ಇಂಗ್ಲಿಷರಿಗೆ ಅರ್ಧ ಗಂಟೆ ಹೇಳಬೇಕು. ನಮಗೆ ಅದು ಬಾಯಲ್ಲೇ ಇದೆ.

ಇದೆಲ್ಲ ನನಗೆ ಗೊತ್ತಾದದ್ದು ಒಂದು ಓದುಗರ ಕೂಟದಿಂದ. ಇಂಗ್ಲೆಂಡಿನಲ್ಲಿ ನಾನಿರುವ ಊರಿನ ಸಮುದಾಯ ಭವನದಲ್ಲಿ ತಿಂಗಳಿಗೊಂದು ಸಂಜೆ ಹತ್ತು ಹನ್ನೆರಡು ಜನ ಸೇರುತ್ತೇವೆ. ಪಂಡಿತರು ಒಬ್ಬರೂ ಇಲ್ಲ. ಬಸ್ ಓಡಿಸಿ ನಿವೃತ್ತರಾದವರು ಒಬ್ಬರು, ಒಬ್ಬರು ನರ್ಸ್, ಇಬ್ಬರು ಕಾಲೇಜು ಹುಡುಗರು. ಒಂದು ಪುಟದಲ್ಲಿ ಹಳೇ ಇಂಗ್ಲಿಷ್, ಎದುರು ಪುಟದಲ್ಲಿ ಇವತ್ತಿನದು. ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಉಳಿದವರು ಕೇಳುತ್ತಾರೆ. ಚಹಾ ಬಿಸ್ಕತ್ತು ಇರುತ್ತದೆ. ಅಷ್ಟೇ.

ನಾನು ಸೇರಿದಾಗ ಕ್ಯಾಡ್‌ಮನ್‌ನ ಒಂಬತ್ತು ಸಾಲಿನ ಹಾಡು ನಡೆಯುತ್ತಿತ್ತು. ಇಂಗ್ಲಿಷಿನ ಮೊಟ್ಟಮೊದಲ ಕವಿತೆ ಅಂತ ಸಾಮಾನ್ಯವಾಗಿ ಹೇಳುವುದು ಅದನ್ನೇ. ಕ್ಯಾಡ್‌ಮನ್ ವಿಟ್ಬಿಯ ಮಠದಲ್ಲಿ ದನ ಕಾಯುತ್ತಿದ್ದವನು. ಊಟದ ನಂತರ ಎಲ್ಲರೂ ಸರದಿಯಲ್ಲಿ ಹಾಡಬೇಕು. ಕಿನ್ನರಿಯಂಥ ವಾದ್ಯ ತನ್ನ ಕಡೆ ಬರುತ್ತಿದ್ದಂತೆ ಅವನು ನಾಚಿ ಎದ್ದು ಹೋಗುತ್ತಿದ್ದ. ಒಂದು ರಾತ್ರಿ ಕೊಟ್ಟಿಗೆಯಲ್ಲಿ ಮಲಗಿದ್ದಾಗ ಕನಸಿನಲ್ಲಿ ಯಾರೋ ಬಂದು ಹಾಡು ಅಂದರು, ಹಾಡಿದ. ಮಠದ ಒಡತಿ ಹಿಲ್ಡ್ ಅವನನ್ನು ಕರೆಸಿ ಕೇಳಿ, ಮಠಕ್ಕೇ ಸೇರಿಸಿಕೊಂಡಳು. ಈ ಕಥೆ ಬರೆದಿಟ್ಟವನು ಬೀಡ್, ಜ್ಯಾರೋ ಮಠದಲ್ಲಿ ಕೂತು, 731ರಲ್ಲಿ ಮುಗಿಸಿದ ತನ್ನ ಇತಿಹಾಸದಲ್ಲಿ. ಅದನ್ನು ಕೇಳಿದ ಕೂಡಲೇ ನನಗೆ ಕವಿರಾಜಮಾರ್ಗದ ಮಾತು ಹೊಳೆಯಿತು. 'ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್.' ಓದದೆಯೂ ಕವಿತೆ ಕಟ್ಟಬಲ್ಲವರು. ಕನ್ನಡದ ಜನರ ಬಗ್ಗೆ ಹೇಳಿದ ಮಾತು, ಈ ದನಗಾಹಿಗೂ ಸರಿಯಾಗಿ ಒಪ್ಪುತ್ತದೆ.

ಮುಂದಿನ ತಿಂಗಳು ನಿಮ್ಮ ಭಾಷೆಯದ್ದೂ ಒಂದು ತನ್ನಿ ಅಂದರು. ನಾನು ಬಾದಾಮಿಯ ಕಪ್ಪೆ ಅರಭಟ್ಟ ಎಂಬ ವೀರನ ಶಾಸನ ಒಯ್ದೆ. ಅಗಸ್ತ್ಯ ತೀರ್ಥದ ಮೇಲಿನ ಬಂಡೆಯಲ್ಲಿ ಕೊರೆದದ್ದು, ಕಾಲ ಸುಮಾರು 700. ಕ್ಯಾಡ್‌ಮನ್‌ನಿಗೂ ಅರಭಟ್ಟನಿಗೂ ವಯಸ್ಸಿನಲ್ಲಿ ಹೆಚ್ಚು ಅಂತರ ಇಲ್ಲ. ತ್ರಿಪದಿಯನ್ನು ಎರಡು ಸಲ ನಿಧಾನಕ್ಕೆ ಓದಿದೆ.

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗವಿಪರೀತನ್
ಮಾಧವನೀತನ್ ಪೆಱನಲ್ಲ

ಅರ್ಥ ಹೇಳುವ ಮೊದಲೇ ಬಸ್ಸಿನ ಅಜ್ಜ ಕೈ ಎತ್ತಿದರು. ಪ್ರತಿ ಸಾಲಿನ ಶುರುವಿನಲ್ಲೂ ಒಂದು ಸದ್ದು ಬಡಿಯುತ್ತಿದೆ ಅಲ್ವಾ, ಅಂದರು. ಸಾಧು, ಬಾಧಿ, ಮಾಧ. ಎರಡನೆಯ ಅಕ್ಷರದ ಆದಿಪ್ರಾಸ! ಒಂದು ಕನ್ನಡ ಪದ ಗೊತ್ತಿಲ್ಲದ ಕಿವಿ ಅದನ್ನು ಹಿಡಿದಿತ್ತು. ಹಿಡಿಯಲು ಕಾರಣ ಇದೆ. ಅವರ ಹಳೇ ಕವಿತೆಯಲ್ಲೂ ಪ್ರಾಸ ಸಾಲಿನ ಕೊನೆಗೆ ಬರುವುದಿಲ್ಲ. ಸಾಲಿನ ಮುಖ್ಯ ಪದಗಳು ಒಂದೇ ಸದ್ದಿನಿಂದ ಶುರುವಾಗಬೇಕು. ಕ್ಯಾಡ್‌ಮನ್ 'ಮೆಯೊತೊಡೆಸ್ ಮೆಯಾಹ್ತೆ ಆಂಡ್ ಹಿಸ್ ಮೋಡ್‌ಯೆಥಾಂಕ್' ಅನ್ನುತ್ತಾನೆ. ದೇವರ ಬಲ, ಅವನ ಮನಸ್ಸಿನ ಯೋಚನೆ ಅಂತ. ಮ, ಮ, ಮ. ಬರೆಯದ ಕಾಲದಲ್ಲಿ ಬಾಯಿಪಾಠ ಉಳಿಯಲು ಇಬ್ಬರೂ ಸದ್ದನ್ನು ಸಾಲಿನೊಳಗೇ ಕಟ್ಟಿಕೊಂಡರು.

'ಪೆಱನಲ್ಲ'ದ ಱ ಅಕ್ಷರವನ್ನು ಬೋರ್ಡಿನ ಮೇಲೆ ಬರೆದು ತೋರಿಸಿದೆ. ಇದನ್ನೂ ೞ ಅನ್ನೂ ನಾವು ಕಳೆದುಕೊಂಡೆವು ಅಂದೆ. ನಾವು 'ಥಾರ್ನ್' ಕಳೆದುಕೊಂಡೆವು ಅಂದರು ನರ್ಸಮ್ಮ. ಥ ಸದ್ದಿಗೆ ಇದ್ದ ಅಕ್ಷರ. ಕೈಬರಹದಲ್ಲಿ ಅದು ವೈ ಅಕ್ಷರದ ಹಾಗೆ ಕಾಣತೊಡಗಿತ್ತು. ಹಳೇ ಕಾಲದ ಅಂಗಡಿ ಅಂತ ತೋರಿಸಿಕೊಳ್ಳಲು ಇಲ್ಲಿ 'ಯೀ ಓಲ್ಡ್' ಅಂತ ಬೋರ್ಡು ಹಾಕುತ್ತಾರಲ್ಲ, ಅದು ನಿಜಕ್ಕೂ 'ದಿ ಓಲ್ಡ್'.

ಆಮೇಲೆ ನಾನು ಅರ್ಥ ಹೇಳಿದೆ. ಸಾಧುವಿಗೆ ಸಾಧು, ಮಧುರವಾಗಿ ಇರುವವರಿಗೆ ಮಧುರ, ಕಾಡುವ ಕಲಿಗೆ ಕಲಿಯುಗದಲ್ಲೇ ಇಲ್ಲದಂಥವನು. ಇವನು ಮಾಧವನೇ, ಬೇರೆಯಲ್ಲ. ಎಷ್ಟು ಪದಕ್ಕೆ ನಿಘಂಟು ನೋಡಬೇಕಾಯಿತು ಅಂತ ಕೇಳಿದರು. ಒಂದೇ ಒಂದಕ್ಕೆ, 'ಪೆಱ' ಎಂಬುದಕ್ಕೆ ಅಂದೆ. ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅವರ ಒಂಬತ್ತು ಸಾಲಿಗೆ ಅವರು ಮೂರು ಸಂಜೆ ಕೂತಿದ್ದರು.

ಅವರಿಗೂ ಅವರ ಹಳೇ ನುಡಿಗೂ ನಡುವೆ 1066 ಇದೆ. ಆ ವರ್ಷ ಫ್ರಾನ್ಸ್ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ದೊರೆಗಳ ಮಾತು ಫ್ರೆಂಚ್ ಆಯಿತು. ಕೋರ್ಟಿನ ವಾದ ಇಂಗ್ಲಿಷಿನಲ್ಲಿ ನಡೆಯಲಿ ಎಂಬ ಕಾನೂನು ಬಂದದ್ದು 1362ರಲ್ಲಿ. ಅಷ್ಟರಲ್ಲಿ ವಿಭಕ್ತಿ ಉದುರಿ, ಪದಗಳು ಬದಲಾಗಿ, ಭಾಷೆ ಬೇರೆಯೇ ಆಗಿತ್ತು. ನಮಗೂ ಸಂಸ್ಕೃತ, ಪಾರಸಿ, ಮರಾಠಿಯ ಪದಗಳು ಬಂದವು. ಪಾಲು ಹಾಲಾಯಿತು. ಆದರೆ ಎಲುಬಿನ ಗೂಡು ಹಾಗೇ ಉಳಿಯಿತು.

ನನ್ನ ಮನಸ್ಸಿಗೆ ನೋವಾಗುವುದು ಇಲ್ಲಿಯೇ. ಇಷ್ಟು ಹತ್ತಿರ ಇರುವುದನ್ನು ನಾವು ಪರೀಕ್ಷೆಯ ಪ್ರಶ್ನೆ ಮಾಡಿಬಿಟ್ಟಿದ್ದೇವೆ. ನಾನು ಓದಿದ ಶಾಲೆಯಲ್ಲಿ ಹಳಗನ್ನಡ ಅಂದರೆ ಎರಡು ಅಂಕದ ಭಾವಾರ್ಥ. ಗಟ್ಟಿಯಾಗಿ ಓದಿಸಿದ ನೆನಪೇ ಇಲ್ಲ. ಬಾದಾಮಿ ನಮ್ಮೂರಿನಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ. ಗುಹೆ ನೋಡಿದೆವು, ಕೋತಿಗೆ ಕಡಲೆ ಕೊಟ್ಟೆವು, ಬಂಡೆಯ ಮೇಲೆ ಕನ್ನಡ ಇದೆ ಅಂತ ಯಾರೂ ಕೈ ತೋರಿಸಲಿಲ್ಲ. ಹಳಗನ್ನಡದ ಕೀಲಿ ಪಂಡಿತರ ಹತ್ತಿರ ಇರುತ್ತದೆ, ನಮಗೇಕೆ ಅಂತ ನಾವು ಸುಮ್ನೆ ಇದ್ದುಬಿಟ್ಟೆವು. ಅದು ಎದುರು ಮನೆಯ ಮೊಳೆಯಲ್ಲೇ ತೂಗಬೇಕು.

ಅವರಿಗೆ ಇಲ್ಲದ್ದು ನಮ್ಮಲ್ಲಿ ಒಂದಿದೆ ಅನ್ನುವುದನ್ನೂ ಹೇಳಬೇಕು. ಇಂಗ್ಲೆಂಡಿನ ಸಟನ್ ಹೂ ಎಂಬಲ್ಲಿಯ ಹಳೇ ಸಮಾಧಿ ದಿಬ್ಬವನ್ನು 1939ರಲ್ಲಿ ಅಗೆದಾಗ ಹಳೇ ಇಂಗ್ಲಿಷ್ ಕಾಲದ ತಂತಿವಾದ್ಯದ ತುಂಡುಗಳು ಸಿಕ್ಕವು. ಅದರಂತೆ ಹೊಸ ವಾದ್ಯವನ್ನೂ ಮಾಡಿದ್ದಾರೆ. ರಾಗ ಮಾತ್ರ ಸಿಗಲಿಲ್ಲ. ಆ ಕವಿತೆಗಳನ್ನು ಯಾವ ಧಾಟಿಯಲ್ಲಿ ಹಾಡುತ್ತಿದ್ದರು ಎಂದು ಹೇಳಿಕೊಡುವ ಗುರು ಪರಂಪರೆ ಇಲ್ಲ. ನಮ್ಮಲ್ಲಿ ಗಮಕ ಇದೆ. ಶಿವಮೊಗ್ಗದ ಹೊಸಹಳ್ಳಿಯಲ್ಲಿ ಕಾವ್ಯವನ್ನು ಹಾಡುತ್ತಾ ಅರ್ಥ ಹೇಳುವವರು ಇವತ್ತಿಗೂ ಇದ್ದಾರೆ. ಕೂಟದಲ್ಲಿ ಗಮಕದ ಧ್ವನಿಮುದ್ರಿಕೆ ಕೇಳಿಸಿದ ದಿನ ನರ್ಸಮ್ಮ ಕಣ್ಣು ಒರೆಸಿಕೊಂಡರು.

ಹೊರನಾಡಿನ ನಮ್ಮ ಕನ್ನಡ ಸಂಘಗಳಿಗೆ ನನ್ನದೊಂದು ಕೋರಿಕೆ. ರಾಜ್ಯೋತ್ಸವದ ದಿನ ಹಾಡು, ಕುಣಿತ, ಬಿಸಿಬೇಳೆಬಾತ್ ಎಲ್ಲ ಇರಲಿ. ಅದರ ಜೊತೆಗೆ ಕಾಲು ಗಂಟೆ ಒಂದು ಶಾಸನವನ್ನೋ ಪಂಪನ ಒಂದು ಪದ್ಯವನ್ನೋ ಗಟ್ಟಿಯಾಗಿ ಓದೋಣ. ಎದುರಿಗೆ ಇವತ್ತಿನ ಕನ್ನಡ ಅಚ್ಚುಹಾಕಿದ ಒಂದು ಹಾಳೆ ಎಲ್ಲರ ಕೈಗೂ ಕೊಡೋಣ. ತಪ್ಪು ಓದಿದರೆ ಓದಲಿ. ಇಲ್ಲಿ ಹುಟ್ಟಿದ ಮಕ್ಕಳಿಗೆ ಹೊಸಗನ್ನಡವೇ ಕಷ್ಟ, ಹಳಗನ್ನಡ ಎಲ್ಲಿಂದ ಅಂತ ಕೇಳುತ್ತಾರೆ. ನನ್ನ ಮಗಳಿಗೆ ಒಂಬತ್ತು ವರ್ಷ. ತ್ರಿಪದಿ ಅವಳಿಗೆ ಎರಡು ದಿನದಲ್ಲಿ ಬಾಯಿಗೆ ಬಂತು. ಆದಿಪ್ರಾಸ ಅದಕ್ಕೇ ಇರುವುದು.

ಈ ಡಿಸೆಂಬರಿನಲ್ಲಿ ಊರಿಗೆ ಹೋಗುತ್ತೇವೆ. ಬಾದಾಮಿಗೆ ಒಂದು ದಿನ ಇಟ್ಟುಕೊಂಡಿದ್ದೇವೆ. ಬಸ್ಸಿನ ಅಜ್ಜ ಆ ಬಂಡೆಯ ಫೋಟೋ ಕೇಳಿದ್ದಾರೆ. ಸಾಲಿನ ಶುರುವಿನ ಮೂರು ಧ ಅಕ್ಷರಗಳು ಕಾಣುವಂತೆ ಹತ್ತಿರದಿಂದ ತೆಗೆಯಬೇಕಂತೆ.