ಆನಿಯನ್ ರಿಂಗ್ಸ್ ಮಹಜರು

ಅಪರಾಧ ಧಾರಾವಾಹಿಯೊಂದು ಐದಾರು ಸೀಸನ್ ಬಾಳಿ ಕೊನೆಯ ಕಂತುಗಳತ್ತ ಸಾಗುತ್ತಿದ್ದಂತೆ, ಅದರೊಳಗಿನ ಪೊಲೀಸರು ತಮ್ಮ ಕೆಲಸವನ್ನು ಪ್ರೇಕ್ಷಕರಿಗೆ ವಹಿಸಿಕೊಟ್ಟು ವಿಶ್ರಾಂತಿಗೆ ತೆರಳುತ್ತಾರೆ. ಅಲ್ಲಿಂದ ಮುಂದಿನ ತನಿಖೆಯೆಲ್ಲ ಅಭಿಮಾನಿಗಳದು. ಅವರಿಗೆ ಸಂಬಳವಿಲ್ಲ, ಸಮವಸ್ತ್ರವಿಲ್ಲ, ಮೇಲಧಿಕಾರಿಯ ಕಾಟವೂ ಇಲ್ಲ. ಇರುವ ಏಕೈಕ ಆಯುಧವೆಂದರೆ ರಿಮೋಟಿನ ಪಾಜ್ ಗುಂಡಿ. ನಾಯಕನ ಹಿಂದಿನ ಗೋಡೆಯ ಬಣ್ಣ, ಮೇಜಿನ ಮೇಲಿನ ಲೋಟ, ದಾರಿಹೋಕನ ಅಂಗಿ ಎಲ್ಲವೂ ಸಾಕ್ಷ್ಯವಾಗಿ ಮಹಜರಿಗೆ ಸೇರುತ್ತವೆ. ಕೊಲೆ ಮಾಡಿದವನೊಬ್ಬ ಮಾತ್ರ, ಎಲ್ಲರ ಕಣ್ಣೆದುರೇ ಮಾಡಿದ ತಪ್ಪಿಗಾಗಿ, ಅನುಮಾನಕ್ಕೆ ಅನರ್ಹನಾಗುತ್ತಾನೆ.

ಈ ಶಾಸ್ತ್ರ ತನ್ನ ಉತ್ತುಂಗ ತಲುಪಿದ್ದು ‘ಬ್ರೇಕಿಂಗ್ ಬ್ಯಾಡ್’ 2013ರ ಸೆಪ್ಟೆಂಬರಿನಲ್ಲಿ ಮುಗಿಯುವ ಹೊತ್ತಿಗೆ. ಕ್ಯಾನ್ಸರ್ ಹಿಡಿದ ರಸಾಯನಶಾಸ್ತ್ರದ ಮೇಷ್ಟ್ರೊಬ್ಬ ಮಾದಕವಸ್ತು ತಯಾರಿಕೆಗೆ ಇಳಿಯುವ ಆ ಕಥೆಗೆ ಒಟ್ಟು 62 ಕಂತುಗಳು. ಆವರ್ತ ಕೋಷ್ಟಕದ 62ನೆಯ ಧಾತು ಸಮೇರಿಯಮ್. ಅದರ ವಿಕಿರಣಶೀಲ ರೂಪವೊಂದು ಮೂಳೆಗೆ ಹರಡಿದ ಕ್ಯಾನ್ಸರಿನ ನೋವಿಗೆ ಔಷಧಿ. ಇನ್ನೇನು ಬೇಕು? ಕಂತುಗಳ ಸಂಖ್ಯೆಯನ್ನು ವಾಹಿನಿಯ ಹಣಕಾಸು ಮತ್ತು ನಟರ ಕರಾರುಗಳು ತೀರ್ಮಾನಿಸುತ್ತವೆ ಎಂದು ನಂಬಿಕೊಂಡಿದ್ದ ನನ್ನಂಥ ಪಾಮರರು ಬಾಯಿ ಮುಚ್ಚಿಕೊಳ್ಳಬೇಕಾಯಿತು. ಒಂದು ಕಂತು ಕಡಿಮೆಯಾಗಿದ್ದರೆ ಏನಾಗುತ್ತಿತ್ತೆಂದು ಸುಮ್ಮನೆ ಹುಡುಕಿದೆ: 61 ಪ್ರೊಮೀಥಿಯಮ್, ದೇವತೆಗಳಿಂದ ಬೆಂಕಿ ಕದ್ದು ಶಿಕ್ಷೆ ಉಂಡ ಗ್ರೀಕ್ ಪುರಾಣಪುರುಷನ ಹೆಸರು ಹೊತ್ತದ್ದು, ಅಂದರೆ ಸಾಕ್ಷಾತ್ ನಮ್ಮ ಮೇಷ್ಟ್ರೇ. ಒಂದು ಹೆಚ್ಚಾಗಿದ್ದರೆ 63 ಯುರೋಪಿಯಮ್, ಹಳೆಯ ಬಣ್ಣದ ಟೀವಿಗಳ ಪರದೆಗೆ ಕೆಂಪನ್ನು ಒದಗಿಸುತ್ತಿದ್ದ ಧಾತು, ಅಂದರೆ ರಕ್ತಪಾತ ಖಚಿತ. ಎಮ್ಮೆ ಈಯಲಿ, ಎತ್ತು ಈಯಲಿ, ಕರುವನ್ನು ಕಟ್ಟಲು ಕೊಟ್ಟಿಗೆಯಂತೂ ಸಿದ್ಧವಾಗಿತ್ತು.

ಕೊನೆಯ ಕಂತಿನ ಹೆಸರು ‘ಫೆಲಿನಾ’ ಎಂದು ತಿಳಿದ ದಿನ ಈ ಪಂಡಿತರಿಗೆ ಹಬ್ಬ. ಅದರ ಇಂಗ್ಲಿಷ್ ಅಕ್ಷರಗಳನ್ನು ಕಲಸಿದರೆ ‘ಫಿನಾಲೆ’ ಆಗುತ್ತದೆ. ಎರಡೆರಡಾಗಿ ಒಡೆದರೆ ಕಬ್ಬಿಣ, ಲಿಥಿಯಮ್, ಸೋಡಿಯಮ್‌ಗಳ ಸಂಕೇತಗಳು, ಅಂದರೆ ರಕ್ತ, ಮಾದಕ ಮತ್ತು ಕಣ್ಣೀರು. ಆ ಕಂತಿನಲ್ಲಿ ಕೇಳಿಬರುವ ಹಳೆಯ ಹಾಡೊಂದರ ಹುಡುಗಿಗೆ ಅದೇ ಹೆಸರಿದೆ ಎಂಬ ಸರಳ ವಿವರಣೆಯೂ ಇತ್ತು. ಆದರೆ ಸರಳವಾದದ್ದನ್ನು ನಂಬಲು ಅಷ್ಟೊಂದು ಜನ ರಾತ್ರಿ ನಿದ್ದೆಗೆಡಬೇಕೆ?

ಇದರಲ್ಲಿ ಅಭಿಮಾನಿಗಳದೇ ತಪ್ಪೆಂದರೆ ಅನ್ಯಾಯವಾದೀತು. ಇದೇ ಧಾರಾವಾಹಿಯ ಎರಡನೆಯ ಸೀಸನ್ನಿನಲ್ಲಿ ನಾಲ್ಕು ಕಂತುಗಳ ಶೀರ್ಷಿಕೆಗಳನ್ನು ಜೋಡಿಸಿ ಓದಿದವರಿಗೆ, ಕಥೆ ನಡೆಯುವ ಊರಾದ ಆಲ್ಬಕರ್ಕಿಯ ಮೇಲೆ 737 ವಿಮಾನ ಬೀಳಲಿದೆ ಎಂಬ ಸುದ್ದಿ ಮುಂಚಿತವಾಗಿಯೇ ಸಿಗುವಂತೆ ಮಾಡಲಾಗಿತ್ತು. ಹೊಲದಲ್ಲಿ ಒಮ್ಮೆ ಹೊನ್ನಿನ ಕೊಪ್ಪರಿಗೆ ಸಿಕ್ಕಿತೆಂದರೆ ಆಮೇಲೆ ಆ ಹೊಲದಲ್ಲಿ ಬೆಳೆ ಎಲ್ಲಿಯದು? ಕೆಲವರು ಘಟನಾಸ್ಥಳಕ್ಕೇ ತೆರಳಿದರು. ನಾಯಕ ಸಿಟ್ಟಿನಲ್ಲಿ ತನ್ನ ಮನೆಯ ಛಾವಣಿಗೆ ಪಿಜ್ಜಾ ಎಸೆಯುವ ದೃಶ್ಯವನ್ನು ಆಲ್ಬಕರ್ಕಿಯ ಅದೇ ಮನೆಯೆದುರು ಮರುಸೃಷ್ಟಿಸಿದವರ ಸಂಖ್ಯೆ ಎಷ್ಟಾಯಿತೆಂದರೆ, ದಯಮಾಡಿ ನಿಲ್ಲಿಸಿ ಎಂದು 2015ರಲ್ಲಿ ಧಾರಾವಾಹಿಯ ಸೃಷ್ಟಿಕರ್ತ ವಿನ್ಸ್ ಗಿಲಿಗನ್ ಅವರೇ ಬೇಡಿಕೊಳ್ಳಬೇಕಾಯಿತು.

ಬ್ರಿಟಿಷ್ ತನಿಖಾಧಿಕಾರಿಗಳು ಪಿಜ್ಜಾ ಎಸೆಯಲಿಲ್ಲ, ಆದರೆ ಅವರ ದುಃಖ ಇದಕ್ಕಿಂತ ದೊಡ್ಡದು. ಬಿಬಿಸಿಯ ‘ಲೈನ್ ಆಫ್ ಡ್ಯೂಟಿ’ಯಲ್ಲಿ ‘ಎಚ್’ ಎಂಬ ಗುಪ್ತನಾಮದ ಭ್ರಷ್ಟ ಅಧಿಕಾರಿ ಯಾರೆಂದು ಅವರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದರು. ಸಾಯುವ ಪಾತ್ರವೊಂದರ ಬೆರಳಿನ ಮಿಡಿತದಲ್ಲಿ ಮೋರ್ಸ್ ಸಂಕೇತದಲ್ಲಿ ‘ಎಚ್’ ಅಕ್ಷರವಾಗುವ ನಾಲ್ಕು ಚುಕ್ಕೆಗಳಿದ್ದವೆಂದು ಕಥೆಯೇ ಹೇಳಿದ ಮೇಲೆ, ಯಾವ ಪಾತ್ರವೂ ಸುಮ್ಮನೆ ಮೂಗು ತುರಿಸಿಕೊಳ್ಳುವಂತಿರಲಿಲ್ಲ. 2021ರ ಮೇ 2ರ ರಾತ್ರಿ ಒಂದು ಕೋಟಿಗೂ ಹೆಚ್ಚು ಜನ ಉಸಿರು ಬಿಗಿಹಿಡಿದು ಕೂತಾಗ, ಕೊಠಡಿಯೊಳಕ್ಕೆ ಬಂದು ಕುರ್ಚಿಯಲ್ಲಿ ಕುಳಿತವನು ಬಕಲ್ಸ್ ಎಂಬ ಅದಕ್ಷ ಅಧಿಕಾರಿ; ಅವನನ್ನು ಹಿಡಿದುಕೊಟ್ಟಿದ್ದು ‘ಡೆಫಿನಿಟ್ಲಿ’ ಎಂಬ ಪದದ ಕಾಗುಣಿತ ತಪ್ಪು. ಜನ ಕೆರಳಿದರು. ಇಷ್ಟು ವರ್ಷ ಇಲಾಖೆಯನ್ನು ಕೊಳೆಸಿದವನು ದಡ್ಡನೆಂದರೆ ಹೇಗೆ? ಲಂಚ ತಿನ್ನುವವನಿಗೆ ನೀತಿ ಇಲ್ಲದಿದ್ದರೆ ಸಹಿಸಬಹುದು, ಬುದ್ಧಿಯಾದರೂ ಇರಬೇಡವೇ? ಹೆಗಲು ಮುಟ್ಟಿ ನೋಡಿಕೊಳ್ಳುವಷ್ಟು ಚುರುಕೂ ಇಲ್ಲದ ಕುಂಬಳಕಾಯಿ ಕಳ್ಳನನ್ನು ಮಹಾಸಂಚುಗಾರನೆಂದು ಒಪ್ಪಲು ಅವರ ಮನಸ್ಸು ಸಿದ್ಧವಿರಲಿಲ್ಲ.

ಉತ್ತರ ಸಿಕ್ಕಿ ಹತಾಶರಾದವರ ಪಾಡು ಇದಾದರೆ, ಉತ್ತರವೇ ಸಿಗದವರದು ನಿತ್ಯೋತ್ಸವ. ‘ದಿ ಸೊಪ್ರಾನೋಸ್’ 2007ರ ಜೂನ್ 10ರಂದು ಮುಗಿಯಿತು, ಅಥವಾ ನಿಂತಿತು. ಮಾಫಿಯಾ ದೊರೆ ಟೋನಿ ಹೆಂಡತಿ ಮಗನೊಂದಿಗೆ ನ್ಯೂಜೆರ್ಸಿಯ ಡೈನರ್ ಒಂದರಲ್ಲಿ ಕುಳಿತಿದ್ದಾನೆ, ಮಗಳು ಹೊರಗೆ ಕಾರು ನಿಲ್ಲಿಸಲು ಪರದಾಡುತ್ತಿದ್ದಾಳೆ, ಜಾಕೆಟ್ ತೊಟ್ಟ ಅಪರಿಚಿತನೊಬ್ಬ ಶೌಚಾಲಯಕ್ಕೆ ಹೋಗುತ್ತಾನೆ, ಬಾಗಿಲ ಗಂಟೆ ಸದ್ದಾಗುತ್ತದೆ, ಟೋನಿ ತಲೆಯೆತ್ತುತ್ತಾನೆ, ಪರದೆ ಕಪ್ಪಾಗುತ್ತದೆ. ಕೇಬಲ್ ಕೈಕೊಟ್ಟಿತೆಂದು ಎಷ್ಟೋ ಜನ ಟೀವಿಯನ್ನು ಬೈದರಂತೆ; ನನ್ನ ದೃಷ್ಟಿಯಲ್ಲಿ ಅಂದಿನ ಅತ್ಯಂತ ವಿವೇಕಯುತ ವ್ಯಾಖ್ಯಾನ ಅದೇ. ಉಳಿದವರು ಮೂವರೂ ಆನಿಯನ್ ರಿಂಗ್ಸನ್ನು ಕಚ್ಚದೆ ಇಡಿಯಾಗಿ ನಾಲಿಗೆಯ ಮೇಲಿಟ್ಟುಕೊಂಡದ್ದನ್ನು ಗಮನಿಸಿ, ಅದು ಚರ್ಚಿನ ಪರಮಪ್ರಸಾದ, ಆದ್ದರಿಂದ ಸಾವು ಎಂದು ಷರಾ ಬರೆದರು. 2021ರ ಸಂದರ್ಶನವೊಂದರಲ್ಲಿ ಸೃಷ್ಟಿಕರ್ತ ಡೇವಿಡ್ ಚೇಸ್ ಟೋನಿಯ ಸಾವೇ ತಮ್ಮ ಮನಸ್ಸಿನಲ್ಲಿತ್ತೆಂಬಂತೆ ಮಾತಾಡಿದಾಗ ಪ್ರಕರಣ ಮುಕ್ತಾಯವಾಗಬೇಕಿತ್ತು. ಹಾಗಾಗಲಿಲ್ಲ, ಟೋನಿಯನ್ನು ಬದುಕಿಸಿಟ್ಟುಕೊಂಡ ಬಣ ಅವರನ್ನು ಪ್ರತಿಕೂಲ ಸಾಕ್ಷಿಯೆಂದು ಘೋಷಿಸಿ ವಿಚಾರಣೆ ಮುಂದುವರಿಸಿತು.

ಇಷ್ಟು ಬರೆದು ಲೇಖನಿ ಕೆಳಗಿಡುವವನಿದ್ದೆ. ಸುಮ್ಮನೆ ಕಂತುಗಳನ್ನು ಎಣಿಸಿದೆ: ‘ದಿ ಸೊಪ್ರಾನೋಸ್’ಗೆ ಒಟ್ಟು 86. ಆವರ್ತ ಕೋಷ್ಟಕದ 86ನೆಯ ಧಾತು ರೇಡಾನ್. ಬಣ್ಣವಿಲ್ಲದ, ವಾಸನೆಯಿಲ್ಲದ, ಬಂದದ್ದೇ ತಿಳಿಯದಂತೆ ಕೊಲ್ಲಬಲ್ಲ ಅನಿಲ. ಈಗ ರಾತ್ರಿ ಎರಡು ಗಂಟೆ. ಆ ಜಾಕೆಟಿನವನನ್ನು ಶೌಚಾಲಯದ ಬಾಗಿಲಲ್ಲಿ ಪಾಜ್ ಮಾಡಿ ನಿಲ್ಲಿಸಿಕೊಂಡಿದ್ದೇನೆ.