ಬೆಲ್ ಹೊಡೆದ ಮೇಲೆ ಬಂದ ಮಗು

ಪ್ರಾಥಮಿಕ ಶಾಲೆಯ ಮಕ್ಕಳ ಹಾಜರಿ ಮತ್ತು ಸಮಯದ ವಿಷಯದಲ್ಲಿ ಶಾಲೆ ಮನೆಯವರೊಂದಿಗೆ ಕಟ್ಟುನಿಟ್ಟಾಗಿರಬೇಕೆ?

ಪರ: ‘ಒಂದು ದಿನ ತಾನೇ ಮಿಸ್’
(ಇಪ್ಪತ್ತಾರು ವರ್ಷದಿಂದ ಚಿಕ್ಕ ತರಗತಿಗಳಿಗೆ ಪಾಠ ಹೇಳುತ್ತಿರುವ ಶಿಕ್ಷಕಿ)

52ರಲ್ಲಿ 17 ಕಳೆದರೆ ಎಷ್ಟು? ನನ್ನ ತರಗತಿಯ ಹುಡುಗನೊಬ್ಬ 45 ಎಂದು ಬರೆದಿದ್ದ. ಬಿಡಿಸ್ಥಾನದಲ್ಲಿ ಮೇಲೆ ಎರಡು, ಕೆಳಗೆ ಏಳು. ಎರಡರಲ್ಲಿ ಏಳು ಹೋಗುವುದಿಲ್ಲ. ಅದಕ್ಕೆ ಅವನೇ ಒಂದು ದಾರಿ ಮಾಡಿಕೊಂಡು ಏಳರಲ್ಲಿ ಎರಡು ಕಳೆದ, ಐದು ಬಂತು. ಆಮೇಲೆ ಐದರಲ್ಲಿ ಒಂದು ಕಳೆದ, ನಾಲ್ಕು ಬಂತು. ಹುಡುಗ ದಡ್ಡನಲ್ಲ. ಪಕ್ಕದ ಸ್ಥಾನದಿಂದ ಹತ್ತು ಸಾಲ ತರುವುದನ್ನು ಹೇಳಿಕೊಟ್ಟ ಸೋಮವಾರ ಅವನು ಬಂದಿರಲಿಲ್ಲ, ಅಷ್ಟೆ. ಮಂಗಳವಾರ ಬಂದ, ಇಪ್ಪತ್ತು ನಿಮಿಷ ತಡವಾಗಿ. ಅಷ್ಟರಲ್ಲಿ ಹಿಂದಿನ ದಿನದ್ದನ್ನು ಬೋರ್ಡಿನ ಮೇಲೆ ಇನ್ನೊಮ್ಮೆ ಮಾಡಿ ತೋರಿಸಿ, ಅಳಿಸಿಯೂ ಆಗಿತ್ತು. ಬುಧವಾರದಿಂದ ಅವನಿಗೆ ಲೆಕ್ಕದ ಪೀರಿಯಡ್ ಎಂದರೆ ಹೊಟ್ಟೆನೋವು. ಹೊಟ್ಟೆನೋವು ಎನ್ನುವ ಮಗುವನ್ನು ಯಾವ ತಾಯಿ ಶಾಲೆಗೆ ಕಳಿಸುತ್ತಾಳೆ? ಇನ್ನೂ ಎರಡು ದಿನ ಹೋಯಿತು.

ಅವನ ಅಮ್ಮನನ್ನು ಕರೆಸಿ ಮಾತಾಡಿದೆ. ‘ಸೋಮವಾರ ಒಂದು ದಿನ ತಾನೇ ಮಿಸ್’ ಎಂದರು. ಈ ‘ತಾನೇ’ ಎಂಬ ಮಾತನ್ನು ನಾನು ಎಷ್ಟು ಸಾವಿರ ಸಲ ಕೇಳಿದ್ದೇನೋ.

ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತು ಬಂದರೆ ಸಂತೋಷ. ಹಾಜರಿಯಲ್ಲಿ ಶೇ 90 ಬಂದರೂ ಮನೆಯವರು ಅದೇ ಸಂತೋಷದಲ್ಲಿರುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಪಾಠ ಎಂದು ಗೊತ್ತುಮಾಡಿದೆ. 200ರಲ್ಲಿ ಹತ್ತನೇ ಒಂದು ಭಾಗ 20 ದಿನ. ಐದು ವರ್ಷ ಹೀಗೇ ನಡೆದರೆ 100 ದಿನ, ಅಂದರೆ ಅರ್ಧ ವರ್ಷದ ಶಾಲೆ. ಇನ್ನು ‘ಹತ್ತು ನಿಮಿಷ ತಾನೇ’. ದಿನಕ್ಕೆ ಹತ್ತು ನಿಮಿಷದಂತೆ 200 ದಿನಕ್ಕೆ 33 ಗಂಟೆ 20 ನಿಮಿಷ. ಆ ಕಾಯ್ದೆಯ ಪ್ರಕಾರ ದಿನಕ್ಕೆ ನಾಲ್ಕು ಗಂಟೆ ಪಾಠವೆಂದರೆ ಎಂಟು ದಿನಕ್ಕಿಂತ ಜಾಸ್ತಿ. ಮಗು ಒಂದು ದಿನವೂ ರಜೆ ಹಾಕಿಲ್ಲ, ಆದರೂ ಎಂಟು ದಿನ ಶಾಲೆಗೆ ಬಂದಿಲ್ಲ.

ಅದೂ ಯಾವ ಹತ್ತು ನಿಮಿಷ? ದಿನದ ಕೊನೆಯದಲ್ಲ, ಮೊದಲಿನದು. ಹಾಜರಿ ಕೂಗಿ, ನಿನ್ನೆಯದನ್ನು ನೆನಪಿಸಿ, ಇವತ್ತು ಏನು ಮಾಡುತ್ತೇವೆಂದು ಹೇಳುವ ಹೊತ್ತು. ಅದು ತಪ್ಪಿದ ಮಗು ಉಳಿದ ಹೊತ್ತೆಲ್ಲ ಪಕ್ಕದವನ ಪುಸ್ತಕ ಇಣುಕುತ್ತಿರುತ್ತದೆ. ನಾವು ಅದನ್ನು ‘ಕಾಪಿ’ ಎಂದು ಗದರುತ್ತೇವೆ. (ನಾನೂ ಗದರಿದ್ದೇನೆ.)

ತಡವಾಗಿ ಬಂದ ಮಗುವನ್ನು ಬಾಗಿಲಲ್ಲಿ ನೋಡಿದ್ದೀರಾ? ಮನೆಯವರು ನೋಡಿರುವುದಿಲ್ಲ, ಅವರು ಗೇಟಿನಲ್ಲೇ ಬಿಟ್ಟು ಹೋಗಿರುತ್ತಾರೆ. ನಾನು ದಿನಾ ನೋಡುತ್ತೇನೆ. ಒಂದು ಹುಡುಗಿ ಒಳಗೆ ಬರುವ ಮೊದಲು ಹೊರಗಿನ ಗೋಡೆಗೆ ಒರಗಿ ನೂರರವರೆಗೆ ಎಣಿಸುತ್ತಿದ್ದಳು. ಯಾಕೆಂದು ಕೇಳಿದರೆ, ‘ಎಲ್ಲರೂ ಬರೆಯೋಕೆ ಶುರು ಮಾಡಿದ್ಮೇಲೆ ಬಂದ್ರೆ ಯಾರೂ ತಿರುಗಿ ನೋಡಲ್ಲ ಮಿಸ್’ ಎಂದಳು. ಆರು ವರ್ಷದ ಮಗು. ಅಮ್ಮ ಮಾಡಿದ ತಡಕ್ಕೆ ತನ್ನ ಎರಡು ನಿಮಿಷವನ್ನೂ ಸೇರಿಸಿಕೊಳ್ಳುತ್ತಿತ್ತು. ಆಮೇಲೆ ಒಳಗೆ ಬರುವಾಗ ಬ್ಯಾಗು ಬೆಂಚಿಗೆ ತಗಲಿ ಯಾರದೋ ಪೆನ್ಸಿಲ್ ಡಬ್ಬಿ ಬೀಳುತ್ತದೆ, ಮೂವತ್ತು ತಲೆ ತಿರುಗಿಯೇ ತಿರುಗುತ್ತವೆ.

ಕಟ್ಟುನಿಟ್ಟು ಎಂದ ಕೂಡಲೇ ಎದ್ದು ನಿಲ್ಲುವವರಿದ್ದಾರೆ. ಮಕ್ಕಳು ಹೂವು, ತಾವಾಗಿ ಅರಳಲಿ, ಗಡಿಯಾರ ಯಾಕೆ ಎನ್ನುತ್ತಾರೆ. ಇದೇ ಜನ ವಿಮಾನ ಹತ್ತಬೇಕಾದರೆ ಅದೇ ಹೂವನ್ನು ಬೆಳಗಿನ ಮೂರಕ್ಕೆ ಎಬ್ಬಿಸುತ್ತಾರೆ. ಕಾಯಿಲೆ, ಸಾವು-ನೋವಿನ ಮಾತು ಬೇರೆ, ಅದನ್ನು ಯಾವ ಶಾಲೆಯೂ ಕೇಳುವುದಿಲ್ಲ. ಕೇಳುವುದು ಮಿಕ್ಕಿದ್ದನ್ನು. ಮದುವೆಗೆ ನಾಲ್ಕು ದಿನ, ಪ್ರವಾಸಕ್ಕೆ ಒಂದು ವಾರ, ರಾತ್ರಿ ಮಲಗುವುದು ತಡವಾಯಿತೆಂದು ಒಂದು ದಿನ.

1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 28ನೇ ವಿಧಿಯೂ ಮಕ್ಕಳು ನಿಯಮಿತವಾಗಿ ಶಾಲೆಗೆ ಬರುವಂತೆ ಪ್ರೋತ್ಸಾಹಿಸಬೇಕೆಂದು ಸರ್ಕಾರಗಳಿಗೆ ಹೇಳುತ್ತದೆ. ಇಂಗ್ಲೆಂಡಿನಲ್ಲಿ ದಿನಕ್ಕೆ ಎರಡು ಸಲ ಹಾಜರಿ ಹಾಕುತ್ತಾರೆ. ರಿಜಿಸ್ಟರ್ ಮುಚ್ಚಿದ ಮೇಲೆ ಬಂದರೆ ಅದು ತಡವಲ್ಲ, ಗೈರು. ಅನುಮತಿ ಇಲ್ಲದೆ ಹೆಚ್ಚು ದಿನ ತಪ್ಪಿಸಿದರೆ ತಂದೆತಾಯಿಗೆ ದಂಡವೂ ಉಂಟು. ದಂಡ ಹಾಕಿ ಎಂದು ನಾನು ಹೇಳುತ್ತಿಲ್ಲ. ಮಗು ಬಾರದ ದಿನ ಬೆಳಿಗ್ಗೆಯೇ ಮನೆಗೆ ಫೋನ್ ಹೋಗಲಿ, ಮೂರನೇ ಸಲ ತಡವಾದಾಗ ಅಪ್ಪನೋ ಅಮ್ಮನೋ ಬಂದು ಎದುರು ಕೂತು ಮಾತಾಡಲಿ. ಇಷ್ಟು ಕೇಳಿದ್ದಕ್ಕೇ ನಮ್ಮನ್ನು ಪೊಲೀಸರು ಎನ್ನುತ್ತಾರೆ. ಅನ್ನಲಿ. ಆ ಹುಡುಗನಿಗೆ ಮಧ್ಯಾಹ್ನದ ಬಿಡುವಿನಲ್ಲಿ ಕೂರಿಸಿಕೊಂಡು, ಕಡ್ಡಿಗಳ ಕಟ್ಟು ಬಿಚ್ಚಿ ಹತ್ತನ್ನು ಬಿಡಿಯಾಗಿಸಿ ತೋರಿಸಿದೆ. ಎಂಟು ದಿನ ಹಿಡಿಯಿತು. ಸೋಮವಾರ ಬಂದಿದ್ದರೆ ನಲವತ್ತು ನಿಮಿಷದ ಕೆಲಸ.

ವಿರೋಧ: ಆರು ನಿಮಿಷಕ್ಕೆ ನಲವತ್ತು ನಿಮಿಷ
(ಎರಡನೇ ತರಗತಿಯ ಮಗುವಿನ ತಂದೆ)

ವಿರೋಧವಾಗಿ ಬರೆಯಲು ಯಾರೂ ಸಿಗಲಿಲ್ಲವಂತೆ, ನನ್ನ ಕೊರಳಿಗೆ ಬಂತು. ನಿಜ ಹೇಳಬೇಕೆಂದರೆ ಕಾಲು ಗಂಟೆ ಮೊದಲೇ ಗೇಟಿನ ಮುಂದೆ ನಿಲ್ಲುವ ಜಾತಿ ನನ್ನದು. ಆದರೂ ಒಪ್ಪಿಕೊಂಡೆ, ಒಂದು ದಿನದ ಸಿಟ್ಟು ಇನ್ನೂ ಆರಿಲ್ಲ.

ಮೊದಲು ಒಂದಿಷ್ಟು ವಾದ. ಇಸ್ರೇಲಿನ ಹೈಫಾ ನಗರದ ಹತ್ತು ಶಿಶುಪಾಲನಾ ಕೇಂದ್ರಗಳಲ್ಲಿ ಒಂದು ಪ್ರಯೋಗ ನಡೆಯಿತು, ಅದರ ವರದಿ 2000ರಲ್ಲಿ ಪ್ರಕಟವಾಯಿತು. ಆರು ಕೇಂದ್ರಗಳಲ್ಲಿ ತಡವಾಗಿ ಬರುವ ತಂದೆತಾಯಿಗೆ ಸಣ್ಣ ದಂಡ ಹಾಕಿದರು. ತಡವಾಗಿ ಬರುವವರು ಕಡಿಮೆಯಾಗುವ ಬದಲು ಹೆಚ್ಚುಕಡಿಮೆ ದುಪ್ಪಟ್ಟಾದರು. ಮೊದಲು ಸಂಕೋಚ ಇತ್ತು, ಈಗ ದುಡ್ಡು ಕೊಟ್ಟಾಯಿತಲ್ಲ! ದಂಡ ತೆಗೆದ ಮೇಲೂ ಸಂಕೋಚ ವಾಪಸ್ ಬರಲಿಲ್ಲ. ಅದು ಸಂಜೆ ಮಕ್ಕಳನ್ನು ಕರೆದೊಯ್ಯಲು ತಡವಾಗುವುದರ ಮಾತು, ಬೆಳಗಿನದಲ್ಲ. ಇರಲಿ, ನನ್ನ ವಾದಕ್ಕೆ ಸಾಕು.

ಬೆದರಿಸದೆ ಕರೆಯುವ ದಾರಿಗಳೂ ಇವೆ. ಮೆಕ್ಸಿಕೊ 1997ರಿಂದ ಮಗು ಸರಿಯಾಗಿ ಶಾಲೆಗೆ ಹೋದರೆ ಬಡ ತಾಯಂದಿರ ಕೈಗೆ ಹಣ ಕೊಟ್ಟಿತು. ಕೀನ್ಯದ ಶಾಲೆಗಳಲ್ಲಿ ಜಂತುಹುಳದ ಮಾತ್ರೆ ಕೊಟ್ಟಾಗ ಗೈರುಹಾಜರಿ ಸುಮಾರು ಕಾಲು ಭಾಗ ಇಳಿಯಿತೆಂದು 2004ರ ಅಧ್ಯಯನವೊಂದು ಹೇಳಿತು. ಹೊಟ್ಟೆಯಲ್ಲಿ ಹುಳ ಇದ್ದದ್ದಕ್ಕೆ ಅಪ್ಪನನ್ನು ಕರೆಸಿ ಎದುರು ಕೂರಿಸಿದ್ದರೆ ಏನಾಗುತ್ತಿತ್ತು?

ಈಗ ಆ ದಿನಕ್ಕೆ ಬರುತ್ತೇನೆ. ಮಗಳು ಹೊರಡುವ ಹೊತ್ತಿಗೆ ಹಾಲನ್ನೆಲ್ಲ ಕಕ್ಕಿಕೊಂಡಳು. ಜ್ವರ ಇಲ್ಲ, ಏನಿಲ್ಲ, ಗಟಗಟ ಕುಡಿದದ್ದಷ್ಟೆ. ಮುಖ ತೊಳೆಸಿ, ಬೇರೆ ಅಂಗಿ ಹಾಕಿಸಿ, ಎದೆಯ ಮೇಲಿನ ಐಡಿ ಕಾರ್ಡನ್ನು ಒರೆಸಿ, ಗೇಟಿಗೆ ಹೋದಾಗ ಆರು ನಿಮಿಷ ತಡ. ಗೇಟು ಹಾಕಿತ್ತು. ಚಿಕ್ಕ ಬಾಗಿಲಿನಿಂದ ಅವಳನ್ನು ಮಾತ್ರ ಒಳಗೆ ಬಿಟ್ಟರು, ಸಾಲಿನಲ್ಲಿ ನಿಲ್ಲು ಎಂದರು. ಆಫೀಸಿನ ಗೋಡೆ ಪಕ್ಕ ಇನ್ನೂ ಐದು ಮಕ್ಕಳು ನಿಂತಿದ್ದರು. ಒಬ್ಬನ ಶೂ ಲೇಸು ಬಿಚ್ಚಿತ್ತು, ಬಗ್ಗಿ ಕಟ್ಟಿಕೊಂಡರೆ ಬೈಯುತ್ತಾರೋ ಏನೋ ಎಂದು ಅದನ್ನೇ ನೋಡುತ್ತಿದ್ದ. ಮೊದಲ ಪೀರಿಯಡ್ ಮುಗಿಯುವವರೆಗೆ ಯಾರನ್ನೂ ತರಗತಿಗೆ ಬಿಡಲಿಲ್ಲವೆಂದು ಸಂಜೆ ಗೊತ್ತಾಯಿತು. ಆರು ನಿಮಿಷ ಪಾಠ ತಪ್ಪಿದ್ದಕ್ಕೆ ನಲವತ್ತು ನಿಮಿಷ ಪಾಠ ತಪ್ಪಿಸುವ ಶಿಕ್ಷೆ! ಪರವಾಗಿ ಬರೆದ ಮೇಡಂ ಗುಣಾಕಾರ, ಭಾಗಾಕಾರ ಎಲ್ಲ ಮಾಡಿದ್ದಾರಂತೆ. ಈ ಲೆಕ್ಕವನ್ನೂ ದಯವಿಟ್ಟು ಮಾಡಲಿ.

ಮಗಳು ಅಳಲಿಲ್ಲ. ರಾತ್ರಿ ಮಲಗುವಾಗ, ‘ಹಾಲು ಬೇಡ ಅಂತ ನಾನು ಹೇಳಿದ್ನಲ್ಲಪ್ಪ’ ಎಂದಳು. ಹೇಳಿದ್ದಳು.

ಇನ್ನೂ ಕೆಲವು ಕಾರಣ ಬರೆಯಬಹುದು. ರಾತ್ರಿಪಾಳಿ ಮುಗಿಸಿ ಬರುವ ತಾಯಿ, ಇಬ್ಬರು ಮಕ್ಕಳನ್ನು ಎರಡು ಶಾಲೆಗೆ ಬಿಡಬೇಕಾದ ಅಪ್ಪ, ಬಾರದ ಬಸ್ಸು. ನಮಗೆ ಇವು ಯಾವುದೂ ಇರಲಿಲ್ಲ, ಹಾಗಾಗಿ ಅವರ ಪರವಾಗಿ ಹೆಚ್ಚು ಮಾತಾಡಲು ನಾಚಿಕೆಯಾಗುತ್ತದೆ. ಅವರಲ್ಲಿ ಯಾರನ್ನಾದರೂ ಬರೆಯಲು ಕೇಳಬೇಕಿತ್ತು, ಆದರೆ ಅವರಿಗೆ ಬರೆಯಲು ಪುರುಸೊತ್ತೆಲ್ಲಿ.

ಆ ದಿನದ ನಂತರ ನಾವು ಒಂದು ಸಲವೂ ತಡವಾಗಿ ಹೋಗಿಲ್ಲ. ಈ ಸಾಲನ್ನು ಮೇಡಂ ಕಣ್ಣಿಗೆ ಬೀಳದ ಹಾಗೆ ಹಾಕಿ ಎಂದು ಸಂಪಾದಕರಲ್ಲಿ ಕೇಳಿಕೊಂಡಿದ್ದೇನೆ.