ಮೊದಲು ಬಾಡಿ ಕೆರೆಯಿರಿ

ಹಳೇ ಕಾರು ಇಟ್ಟುಕೊಂಡವರಿಗೆ ಒಂದು ಮಾತು ಹೇಳಬೇಕು. ಇಂಡಿಕೇಟರ್ ಕೆಟ್ಟ ಕೂಡಲೇ ಹೊಸ ಫ್ಲ್ಯಾಶರ್ (ಇಂಡಿಕೇಟರನ್ನು ಮಿನುಗಿಸುವ ಸಣ್ಣ ಭಾಗ) ತರೋಕೆ ಓಡಬೇಡಿ. ಮೊದಲು ಅರ್ಥ್ ನೋಡಿ, ಅಂದರೆ ದೀಪದಿಂದ ಕರೆಂಟ್ ಕಾರಿನ ಬಾಡಿಗೆ ವಾಪಸ್ ಹೋಗುವ ಜೋಡಣೆ. ಇಷ್ಟು ಸಣ್ಣ ವಿಷಯ ತಿಳಿಯಲು ನನಗೆ ಮೂರು ತಿಂಗಳು ಹಿಡಿಯಿತು.

ನಮ್ಮದು 1985ರ ಪ್ರೀಮಿಯರ್ ಪದ್ಮಿನಿ. 1089 ಸಿಸಿ ಇಂಜಿನ್, ಸ್ಟೀರಿಂಗ್ ಕೆಳಗೇ ಗೇರ್. ಅಪ್ಪ ಸೆಕೆಂಡ್ ಹ್ಯಾಂಡ್ ಕೊಂಡಿದ್ದು. ಅವರು ಹೋದ ಮೇಲೆ ನಾನು ಬಣ್ಣ ಹೊಡೆಸಿ ಓಡಿಸುತ್ತಿದ್ದೇನೆ.

ಹೊಸಪೇಟೆಯಿಂದ ಬಳ್ಳಾರಿಗೆ ಬರುತ್ತಿದ್ದೆ. ಕುಡಿತಿನಿ ಹತ್ತಿರ ಮುಸ್ಸಂಜೆ. ಬಲಕ್ಕೆ ತಿರುಗಬೇಕಿತ್ತು, ಇಂಡಿಕೇಟರ್ ಹಾಕಿ ನಿಧಾನ ಮಾಡಿದೆ. ಹಿಂದೆ ಅದಿರು ಲಾರಿ. ನನ್ನ ಹಿಂದಿನ ದೀಪ ಸರಿಯಾಗಿ ಹತ್ತಿಲ್ಲ ಅಂತ ನನಗೆ ಗೊತ್ತಿಲ್ಲ. ನಾನು ಬದಿಗೆ ನಿಲ್ಲಿಸುತ್ತಿದ್ದೇನೆ ಅಂದುಕೊಂಡು ಅವರು ಬಲಗಡೆಯಿಂದಲೇ ಮುಂದೆ ಬಂದರು. ಗಾಡಿಗೂ ಗಾಡಿಗೂ ಒಂದು ಗೇಣು ಅಂತರ ಉಳಿದಿತ್ತು ಅಷ್ಟೇ. ಡ್ರೈವರ್ ಇಳಿದು ಬಂದು, "ಇಂಡಿಕೇಟರ್ ಇಲ್ದ ಹಂಗ ತಿರುಗಿಸಿದ್ರ ನಮಗ ಹೆಂಗ ಗೊತ್ತಾಗಬೇಕ್ರಿ ಸರ?" ಅಂದರು. ತಪ್ಪು ಅವರದಲ್ಲ.

ಮರುದಿನ ಒಂದು ಅಂಗಡಿಗೆ ಹೋದೆ. ಫ್ಲ್ಯಾಶರ್ ಬದಲಾಯಿಸಿದರು. ಬಲ್ಬೂ ಬದಲಾಯಿಸಿದರು. ಎರಡು ದಿನ ಚೆನ್ನಾಗಿತ್ತು, ಮತ್ತೆ ಅದೇ ಕಥೆ. ಇನ್ನೊಮ್ಮೆ ಹೋದರೆ, ಪೂರ್ತಿ ವೈರಿಂಗ್ ಹೊಸದು ಹಾಕಬೇಕು ಅಂದರು. ಹಳೇ ಗಾಡಿ ಅಂದರೆ ಎಲ್ಲವನ್ನೂ ಕಿತ್ತು ಹಾಕುವುದೇ ರಿಪೇರಿ ಅಂತ ಯಾಕೆ ಅಂದುಕೊಳ್ಳುತ್ತಾರೋ! ನನಗೆ ನಿಜವಾಗಿ ಬೇಜಾರಾಯಿತು.

ಕೊನೆಗೆ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಒಬ್ಬ ವಯಸ್ಸಾದ ಎಲೆಕ್ಟ್ರಿಷಿಯನ್ ಸಿಕ್ಕರು. ಅವರು ಬಾನೆಟ್ ತೆಗೆಯಲೇ ಇಲ್ಲ. ಪಾರ್ಕಿಂಗ್ ಲೈಟ್ ಹಾಕಿಸಿದರು, ಆಮೇಲೆ ಬಲಗಡೆ ಇಂಡಿಕೇಟರ್ ಹಾಕಿಸಿದರು, ಹಿಂದೆ ಹೋಗಿ ನಿಂತರು. ಇಂಡಿಕೇಟರ್ ಮಂಕಾಗಿತ್ತು. ಪಕ್ಕದ ಕೆಂಪು ದೀಪ ಅದರ ಜೊತೆಗೇ ಏರಿಳಿಯುತ್ತಿತ್ತು. "ವೈರ್ ಬಿಚ್ಚಬ್ಯಾಡ ತಮ್ಮಾ, ಮೊದ್ಲು ಬಾಡಿ ಕೆರಿ" ಅಂದರು.

ವಿಷಯ ಏನಪ್ಪಾ ಅಂದರೆ, ಈ ಕಾರುಗಳಲ್ಲಿ ಬಲ್ಬಿಗೆ ಕರೆಂಟ್ ವೈರಿನಲ್ಲಿ ಹೋಗುತ್ತದೆ, ವಾಪಸ್ ಬರುವುದು ಕಾರಿನ ತಗಡಿನ ಮೂಲಕ. ದೀಪದ ಹೋಲ್ಡರ್ ಸ್ಕ್ರೂ ಮೂಲಕ ತಗಡನ್ನು ಮುಟ್ಟಿರಬೇಕು. ಅಲ್ಲಿ ತುಕ್ಕು, ಧೂಳು, ಬಣ್ಣ ಸೇರಿದರೆ ಕರೆಂಟಿಗೆ ದಾರಿ ಇಲ್ಲ. ಆಗ ಅದು ಪಕ್ಕದ ದೀಪದ ತಂತಿಯ ಒಳಗಿಂದ ದಾರಿ ಹುಡುಕುತ್ತದೆ. ಅದಕ್ಕೇ ಎರಡೂ ಮಂಕು. ನಮ್ಮ ಗಾಡಿಯಲ್ಲಿ ಪೇಂಟರ್ ದೀಪ ಕೂರುವ ಜಾಗಕ್ಕೂ ದಪ್ಪಗೆ ಬಣ್ಣ ಹೊಡೆದಿದ್ದರು. ಮೇಲೆ ನಮ್ಮೂರಿನ ಕೆಂಪು ಧೂಳು. ಬಲ್ಬ್ ಬದಲಾಯಿಸುವಾಗ ಹೋಲ್ಡರ್ ಅಲುಗಾಡಿ ಸ್ವಲ್ಪ ತಾಗಿತ್ತು. ಆ ಎರಡು ದಿನದ ಗುಟ್ಟು ಅದೇ.

ಸ್ಯಾಂಡ್ ಪೇಪರ್ ಹಾಕಿ ಉಜ್ಜಿದರು. ತಗಡು ಬೆಳ್ಳಗೆ ಕಾಣುವವರೆಗೆ ಉಜ್ಜಿದರು. ಸ್ಕ್ರೂ ಬಿಗಿ ಮಾಡಿ ಗ್ರೀಸ್ ಸವರಿದರು. ಕಾಲು ಗಂಟೆ ಕೆಲಸ!

ನೀವೇ ನೋಡಬೇಕಾದರೆ ಒಂದು ತುಂಡು ವೈರ್ ಸಾಕು. ಒಂದು ತುದಿ ಹೋಲ್ಡರಿನ ಲೋಹಕ್ಕೆ, ಇನ್ನೊಂದು ತುದಿ ಬಣ್ಣ ಇಲ್ಲದ ತಗಡಿಗೆ ಒತ್ತಿ ಹಿಡಿಯಿರಿ. ದೀಪ ಜೋರಾಗಿ ಹತ್ತಿದರೆ ಅರ್ಥ್‌ನದೇ ತೊಂದರೆ. ಒಂದೇ ಕಡೆ ಕೆಟ್ಟಿದ್ದರೆ ಮೊದಲು ಆ ಕಡೆಯ ಬಲ್ಬ್, ಹೋಲ್ಡರ್, ಅರ್ಥ್ ನೋಡಿ. ಎರಡೂ ಕಡೆ ಸತ್ತಿದ್ದರೆ ಮಾತ್ರ ಮೊದಲು ಫ್ಯೂಸ್, ಆಮೇಲೆ ಫ್ಲ್ಯಾಶರ್, ಆಮೇಲೆ ಸ್ವಿಚ್.

ಫ್ಲ್ಯಾಶರ್ ಬಗ್ಗೆ ಇನ್ನೊಂದು ಮಾತು. ಹಳೇ ಫ್ಲ್ಯಾಶರಿನಲ್ಲಿ ಕರೆಂಟ್ ಹರಿದು ಒಳಗಿನ ಪಟ್ಟಿ ಬಿಸಿಯಾಗಬೇಕು. ಬಿಸಿಯಾಗಿ ಬಾಗುತ್ತದೆ, ತಣ್ಣಗಾಗಿ ವಾಪಸ್ ಬರುತ್ತದೆ. ಆ ಟಿಕ್ ಟಿಕ್ ಅದರದ್ದೇ. ಮುಂದೆ 21 ವ್ಯಾಟ್, ಹಿಂದೆ 21 ವ್ಯಾಟ್, 12 ವೋಲ್ಟಿಗೆ ಸುಮಾರು 3.5 ಆಂಪಿಯರ್. ಅರ್ಥ್ ಸರಿ ಇಲ್ಲದಿದ್ದರೆ ಅಷ್ಟು ಕರೆಂಟ್ ಹರಿಯುವುದಿಲ್ಲ, ಪಟ್ಟಿ ಬಿಸಿಯಾಗುವುದಿಲ್ಲ. ನಾವು ಪಾಪ ಫ್ಲ್ಯಾಶರನ್ನೇ ಬೈಯುತ್ತೇವೆ. ಸುಮ್ನೆ ಎಲ್ಇಡಿ ಬಲ್ಬ್ ಹಾಕಿದರೂ ಇದೇ ಆಗುತ್ತದೆ. ಎಲ್ಇಡಿ ಬೇಕೇ ಬೇಕು ಅಂದರೆ ಅದಕ್ಕೆ ಹೊಂದುವ ಎಲೆಕ್ಟ್ರಾನಿಕ್ ಫ್ಲ್ಯಾಶರನ್ನೂ ಹಾಕಿಸಿ.

"ಹಳೇ ಗಾಡಿ ಅಲ್ವಾ, ಕೈ ತೋರಿಸಿದರಾಯಿತು" ಅಂತ ನನ್ನ ಗೆಳೆಯರೇ ಹೇಳಿದರು. ಇದನ್ನು ನಾನು ಒಪ್ಪುವುದಿಲ್ಲ. ಕತ್ತಲಲ್ಲಿ ಕೈ ಯಾರಿಗೆ ಕಾಣುತ್ತದೆ? ಲಾರಿ ಡ್ರೈವರ್ ಕೂರುವ ಎತ್ತರದಿಂದ ನಮ್ಮ ಪುಟ್ಟ ಕಾರೇ ಸರಿಯಾಗಿ ಕಾಣುವುದಿಲ್ಲ. ಗಾಡಿಯ ಮೇಲಿನ ಪ್ರೀತಿಗೆ ಬಣ್ಣ, ಕ್ರೋಮ್ ಬಂಪರ್ ಅಂತ ಸಾವಿರಾರು ರೂಪಾಯಿ ಹಾಕುತ್ತೇವೆ. ಹಿಂದೆ ಬರುವವರಿಗೆ ಕಾಣಬೇಕಾದ ದೀಪಕ್ಕೆ ಕಾಲು ಗಂಟೆ ಕೊಡಲು ಯಾಕೆ ಹಿಂಜರಿಯಬೇಕು?

ಈ ಭಾನುವಾರ ಎಡಗಡೆ ದೀಪವನ್ನೂ ಬಿಚ್ಚಿದೆ. ಅದು ಚೆನ್ನಾಗಿಯೇ ಮಿನುಗುತ್ತಿತ್ತು. ಒಳಗೆ ನೋಡಿದರೆ ಅಲ್ಲೂ ಅದೇ ಬಣ್ಣ, ಸ್ಕ್ರೂವಿನ ಒಂದು ಎಳೆ ಮಾತ್ರ ತಗಡಿಗೆ ತಾಗಿತ್ತು. ಉಜ್ಜಿ ಇಟ್ಟಿದ್ದೇನೆ. ಮುಂದಿನವು ಎರಡು ಬಾಕಿ ಇವೆ.